ಮುಂಬಾಗಿಲಿಗೆ ಒಂದು, ಹಿತ್ತಿಲಿಗೆ ಎರಡು

ನರ್ಸಬಾಯಿಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ತುದಿ ಅಗಲ, ಉಗುರನ್ನು ಮಾಂಸದವರೆಗೂ ಕತ್ತರಿಸಿಕೊಂಡಿರುತ್ತಿದ್ದರು, ಮತ್ತು ಬೆರಳಿನ ನಟ್ಟನಡುವೆ ಸಿರಿಂಜು ಒತ್ತಿ ಒತ್ತಿ ಬಿದ್ದ ಒಂದು ಸಣ್ಣ ತಗ್ಗು. ಇಳಕಲ್ಲಿನ ನಮ್ಮ ಓಣಿಯಲ್ಲಿ ಆ ಹೆಬ್ಬೆರಳಿಗೆ ಅಂಜದೆ ದೊಡ್ಡವರಾದವರು ಯಾರೂ ಇಲ್ಲ. ಸೂಜಿ ಚುಚ್ಚಿ ಅದನ್ನು ನಿಧಾನಕ್ಕೆ ಒತ್ತುವಾಗ ಅವರು "ಆತು, ಆತು, ಮುಗೀತು" ಎನ್ನುತ್ತಿದ್ದರು. ಮುಗಿದಿರುತ್ತಿರಲಿಲ್ಲ, ಆಗಷ್ಟೇ ಶುರುವಾಗಿರುತ್ತಿತ್ತು. ಆದರೂ ಆ ಮಾತು ಕೇಳಿದ ಮೇಲೆ ಅಳು ನಿಲ್ಲಿಸದ ಮಕ್ಕಳನ್ನು ನಾನು ನೋಡಿಲ್ಲ.

ನಾನು ಹುಟ್ಟಿದ್ದು ಅವರ ಕೈಯಲ್ಲೇ. ಅವ್ವನಿಗೆ ದವಾಖಾನೆಗೆ ಹೋಗುವಷ್ಟು ಪುರುಸೊತ್ತು ಕೊಡದೆ ಮಗ್ಗದ ಕೋಣೆಯಲ್ಲಿ ಹುಟ್ಟಿಬಿಟ್ಟೆನಂತೆ. ಗೋಡೆಯಾಚೆಯ ಮನೆಯಿಂದ ನರ್ಸಬಾಯಿ ಅರ್ಧ ಉಂಡ ತಾಟು ಬಿಟ್ಟು ಓಡಿ ಬಂದರಂತೆ. ಇದನ್ನು ಅವರು ನನಗೆ ಸಾಯುವವರೆಗೂ ಆಡಿ ತೋರಿಸುತ್ತಿದ್ದರು. "ಹುಟ್ಟೂವಾಗ ಅಷ್ಟ ಅವಸರ ಇದ್ದಾಕಿ, ಈಗ ನೋಡಿದ್ರ ಒಂದು ಕಪ್ ಚಾ ಮಾಡಾಕ ತಾಸು ಹಚ್ತಿ" ಎನ್ನುವರು. ನಾನು ಮದುವೆಯಾದ ಮೇಲೂ ಅದೇ ಮನೆಯಲ್ಲಿ ಉಳಿದೆ. ನನ್ನ ಗಂಡ ಮನೆಯಳಿಯನಾಗಿ ಬಂದ. ಅವನಿಗೂ ಅವರು ಮೊದಲ ದಿನವೇ ಧನುರ್ವಾತದ ಸೂಜಿ ಚುಚ್ಚಿ ಓಣಿಗೆ ಸೇರಿಸಿಕೊಂಡರು.

ಸೌಮ್ಯ ಹೆಂಗಸು ಎಂದು ಯಾರೂ ತಪ್ಪು ತಿಳಿಯಬಾರದು. ದೊಡ್ಡ ಗಂಟಲು, ಬಿರುಸು ನಡಿಗೆ, ಬಿಸಿಲಿಗೂ ಬೈಗುಳಕ್ಕೂ ಬಳಸುವ ಒಂದು ಕರಿ ಛತ್ರಿ. ಹಣೆಯ ವಿಭೂತಿ ಬೆವರಿಗೆ ಅಳಿಸಿದರೂ ಮುಖದ ಗತ್ತು ಅಳಿಸುತ್ತಿರಲಿಲ್ಲ. ಯಾರಾದರೂ ತಾಯಂದಿರು ಕೂಸಿಗೆ ದೃಷ್ಟಿಯಾಗಿದೆ ಎಂದು ಬಂದರೆ ಅವರ ಪಾಡು ಬೇಡ. "ದೃಷ್ಟಿ ನೀ ನೋಡೀಯೇನು? ಏನ ಕಂಡಿ ಅದನ್ನ ಹೇಳು. ಕಕ್ಕಿತೋ? ಮೈ ಸುಡಾಕತ್ತಿತ್ತೋ? ಹಾಲು ಕುಡೀತೋ ಇಲ್ಲೋ? ಕಂಡದ್ದ ಹೇಳು, ಅನ್ಕೊಂಡದ್ದ ಹೇಳಬ್ಯಾಡ." ಈ ಕೊನೆಯ ಮಾತು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ನಾವು ಓಣಿಯ ಹುಡುಗಿಯರು ಅವರ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದೆವು. ಆ ಮಾತಿನ ತೂಕ ನನಗೆ ತಿಳಿದದ್ದು ಬಹಳ ತಡವಾಗಿ, ಒಂದು ಅಲಾರ್ಮಿನ ದೆಸೆಯಿಂದ.

ಅವರ ಗಂಡ ಬಸ್ ಕಂಡಕ್ಟರಾಗಿದ್ದರು. ನಮಗೆಲ್ಲ ಕಾಕಾ. ಹೆಂಡತಿ ಎಷ್ಟು ಗಡಸೋ ಕಾಕಾ ಅಷ್ಟು ಮೆತ್ತಗೆ. ಇಳಕಲ್ಲಿನಿಂದ ಬಾದಾಮಿಗೆ ಹೋಗುವ ನಸುಕಿನ ಬಸ್ಸು ಅವರದು. ಹುನಗುಂದ, ಅಮೀನಗಡ, ಗುಳೇದಗುಡ್ಡ ದಾಟಿ ಬಾದಾಮಿ ಮುಟ್ಟಿ ತಿರುಗಿ ಬರುವಾಗ ಅಮೀನಗಡದ ಕರದಂಟಿನ ಪೊಟ್ಟಣ ಕೈಯಲ್ಲಿರುತ್ತಿತ್ತು. ನಾನು ಆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಊರು ಬಂದಾಗ ಕಾಕಾ ಒಂದು ಸೀಟಿ ಊದುವರು, ಬಸ್ಸು ನಿಲ್ಲುವುದು. "ಹುನಗುಂದ! ಯಾರ್ರಿ ಇಳಿಯೋರು?" ಎಂದು ಕೂಗಿ, ಮುದುಕಿಯರಿದ್ದರೆ ತಾವೇ ಮೊದಲು ಕೆಳಗಿಳಿದು ಕೈ ಚಾಚುವರು. "ಹಗೂರಕ ಇಳೀರಿ, ಮೆಟ್ಟಲಾ ಎತ್ತರ ಅದಾವ." ಕೊನೆಯ ಕಾಲು ನೆಲ ಮುಟ್ಟಿದ ಮೇಲೆಯೇ ಎರಡು ಸೀಟಿ, ಬಸ್ಸು ಹೊರಡುವುದು. ಅವಸರದ ಡ್ರೈವರುಗಳಿಗೆ ಕಾಕಾನ ಜೊತೆ ಡ್ಯೂಟಿ ಬಿದ್ದರೆ ತಲೆಬೇನೆ ಎಂದು ಹೇಳಿಕೊಳ್ಳುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವರು ಮರುದಿನ ಮತ್ತೆ ನಸುಕಿನಲ್ಲೇ ಎದ್ದು ಕೂತಿದ್ದರಂತೆ.

ಮರೆವು ಶುರುವಾದದ್ದು ಯಾವಾಗ ಎಂದು ನಮಗೆ ಗೊತ್ತಾಗಲಿಲ್ಲ. ಮೊದಲು ಕನ್ನಡಕ, ಆಮೇಲೆ ನೆರೆಯವರ ಹೆಸರು, ಆಮೇಲೆ ತಮ್ಮ ವಯಸ್ಸು. ಬಾಗಲಕೋಟೆಯ ಡಾಕ್ಟರು ನೋಡಿ, ಇದು ಮರೆವಿನ ಬೇನೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ನರ್ಸಬಾಯಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಡಾಕ್ಟರ ಚೀಟಿಯನ್ನೇ ಓದುತ್ತ ಬಂದರು.

ಕಾಕಾ ಎಲ್ಲ ಮರೆತರು, ಡ್ಯೂಟಿ ಮರೆಯಲಿಲ್ಲ. ನಸುಕಾದರೆ ಸಾಕು, ಎದ್ದು, ಮುಖ ತೊಳೆದು, ಹಳೆಯ ಖಾಕಿ ಅಂಗಿ ಹುಡುಕಿ ತೊಟ್ಟು, ಬಾಗಿಲು ತೆರೆದು ಹೊರಟುಬಿಡುತ್ತಿದ್ದರು. ಬಸ್ ನಿಲ್ದಾಣದ ಹಾದಿ ಒಮ್ಮೆ ನೆನಪಾಗುವುದು, ಒಮ್ಮೆ ಇಲ್ಲ. ಒಂದು ದಿನ ಹೆದ್ದಾರಿಯ ನಡುವೆ ಸಿಕ್ಕರು. ಗ್ರಾನೈಟಿನ ಬಂಡೆ ಹೊತ್ತ ಲಾರಿ ಬರುವ ರಸ್ತೆ ಅದು. ಅಂಥ ಲಾರಿ ಬ್ರೇಕು ಒತ್ತಿದ ಜಾಗದಲ್ಲಿ ನಿಲ್ಲುವುದಿಲ್ಲ. ಆ ಡ್ರೈವರ್ ದೂರದಿಂದಲೇ ಖಾಕಿ ಅಂಗಿ ಕಂಡು ನಿಧಾನ ಮಾಡಿದನಂತೆ. ಕಾಕಾನನ್ನು ಲಾರಿಯಲ್ಲೇ ಕೂರಿಸಿಕೊಂಡು ಬಂದು ಓಣಿಯ ಬಾಯಿಗೆ ಇಳಿಸಿದ. ಇನ್ನು ಮೇಲೆ ಇವರನ್ನು ಒಬ್ಬರನ್ನೇ ಬಿಡಬೇಡಿ ಎಂದು ಬೇಡಿಕೊಂಡ. ಕಾಕಾ ಮಾತ್ರ ನಗುತ್ತ, ಟಿಕೆಟ್ ಯಾಕೆ ಕೊಡಲಿಲ್ಲ ಎಂದು ಅವನನ್ನೇ ಕೇಳುತ್ತಿದ್ದರು.

ಬೀಗ ಹಾಕಿ ಎಂದು ಓಣಿಯೆಲ್ಲ ಹೇಳಿತು. ನಾನೂ ಹೇಳಿದೆ. ನರ್ಸಬಾಯಿ ಒಂದು ದಿನ ಹಾಕಿದರು. ನಸುಕಿನಲ್ಲಿ ಗೋಡೆಯಾಚೆಯಿಂದ ಕಾಕಾನ ದನಿ ನನಗೆ ಕೇಳಿಸಿತು. ಮೊದಲು ಮರ್ಯಾದೆಯಿಂದಲೇ ಬಾಗಿಲು ತಟ್ಟಿ, "ತಗೀರಿ, ಗಾಡಿ ಹೋಗತೈತಿ" ಎಂದರು. ಆಮೇಲೆ ಬೇಡಿಕೊಂಡರು. ಆಮೇಲೆ ಅತ್ತರು. ಮಂದಿ ನಿಂತಿದ್ದಾರೆ, ಮಂದಿ ಕಾಯುತ್ತಿದ್ದಾರೆ ಎಂದು ಹೇಳಿ ಹೇಳಿ ಅತ್ತರು. ಸ್ವಲ್ಪ ಹೊತ್ತಿಗೆ ನರ್ಸಬಾಯಿ ನಮ್ಮ ಮನೆಗೆ ಬಂದು ಆ ಬೀಗವನ್ನು ನನ್ನ ಕೈಗಿಟ್ಟರು.

"ನಿನ್ನ ಸೀರಿ ಟ್ರಂಕಿಗೆ ಹಾಕ್ಕೋ. ಜೀವಮಾನ ಪೂರಾ ಬಾಗಲಾ ತಗದು ಮಂದೀನ್ನ ಹತ್ತಿಸ್ಕೊಂಡ ಮನಷ್ಯಾ. ಅವರಿಗೆ ನಾ ಬಾಗಲಾ ಹಾಕ್ಲೇನು?"

"ಮತ್ತ ಏನ ಮಾಡ್ತೀರಿ ಬಾಯಾರ? ದಿನಾ ಒಬ್ಬ ಒಳ್ಳೇ ಡ್ರೈವರ್ ಸಿಗ್ತಾನೇನು?"

"ಸಿಗೂದಿಲ್ಲ. ಅದಕ್ಕ ವಿಚಾರ ಮಾಡಾಕತ್ತೇನಿ" ಎಂದರು. ನಾನು ಮನೆಯಿಂದಲೇ ಫೋನಿನಲ್ಲಿ ಇಳಕಲ್ ಸೀರೆ ಮಾರುವವಳು. ಆ ಬೀಗ ಇವತ್ತಿಗೂ ನನ್ನ ಸೀರೆ ಟ್ರಂಕಿನ ಮೇಲಿದೆ.

ಬಸ್ ನಿಲ್ದಾಣದ ಹತ್ತಿರ ಒಬ್ಬ ಚಾಚಾನ ಅಂಗಡಿಯಿದೆ. ಸೀರೆ ವ್ಯಾಪಾರಿಗಳ ಮನೆಗೆ, ಗ್ರಾನೈಟ್ ಸಾಹುಕಾರರ ಮನೆಗೆ ಕಳ್ಳರ ಅಲಾರ್ಮು ಕೂರಿಸಿಕೊಡುವವರು. ಊರೆಲ್ಲ ಅವರನ್ನು ಅಲಾರ್ಮಿನ ಚಾಚಾ ಎನ್ನುತ್ತದೆ. ನರ್ಸಬಾಯಿ ಛತ್ರಿ ಹಿಡಿದು ಅಲ್ಲಿಗೆ ಹೋದರು. ಜೊತೆಗೆ ನಾನಿದ್ದೆ.

"ಎಲ್ಲಾರೂ ಕಳ್ಳ ಒಳಗ ಬರಬಾರದಂತ ಇದನ್ನ ಹಾಕಸ್ತಾರ. ನನಗ ಮನಿ ಮಾಲಕರು ಹೊರಗ ಹೋಗೂದು ತಿಳೀಬೇಕು. ಆಕ್ಕೈತೇನು?"

ಚಾಚಾ ಮೊದಲು ನಕ್ಕರು. ಆಮೇಲೆ ವಿಷಯ ತಿಳಿದು ತಲೆ ತಗ್ಗಿಸಿದರು. "ಆಕ್ಕೈತ್ರಿ ಬಾಯಾರ. ಯಂತ್ರಕ್ಕೇನು, ಒಳಗಿಂದ ತಗದ್ರೂ ಬಾಗಲನ, ಹೊರಗಿಂದ ತಗದ್ರೂ ಬಾಗಲನ" ಎಂದರು.

ಮುಂಬಾಗಿಲಿಗೊಂದು, ಹಿತ್ತಿಲ ಬಾಗಿಲಿಗೊಂದು ಅಯಸ್ಕಾಂತದ ತುಂಡು ಕೂರಿಸಿ, ನಡುಮನೆಯ ಗೋಡೆಗೆ ಅಂಕಿ ಒತ್ತುವ ಕೀಪ್ಯಾಡು ಹಾಕಿ, ಮೇಲೆ ಸೈರನ್ನಿನ ಡಬ್ಬಿ ತೂಗುಹಾಕಿದರು. ಮೊದಲ ನಸುಕಿನಲ್ಲೇ ಸೈರನ್ನು ಬಡಿದುಕೊಂಡಿತು. ಓಣಿಯೆಲ್ಲ ಎದ್ದಿತು. ಕಾಕಾ ಎರಡೂ ಕಿವಿ ಮುಚ್ಚಿಕೊಂಡು ಕಾಟಿನ ಕೆಳಗೆ ಕೂತಿದ್ದರು. ನರ್ಸಬಾಯಿ ಚಾಚಾನನ್ನು ಕರೆಸಿ ಸೈರನ್ನು ಬಂದ್ ಮಾಡೆಂದರು.

"ಸೈರನ್ ಇಲ್ಲದ ಅಲಾರ್ಮ್ ಅಂದ್ರ ಉಪ್ಪಿಲ್ಲದ ಸಾರು ಬಾಯಾರ."

"ಬ್ಯಾನಿ ಬಿದ್ದಾವ್ರಿಗೆ ಉಪ್ಪು ಕಡಿಮಿನ ಹಾಕ್ತೀವಿ. ನೀ ಬಂದ್ ಮಾಡು. ಹಾಂಗ ಮಾಡೂದ್ ಹ್ಯಾಂಗಂತ ನನಗೂ ತೋರಸು. ನೀ ಹೋದ ಮ್ಯಾಲ ಇದರ ಜೋಡಿ ಸಂಸಾರ ಮಾಡಾಕಿ ನಾನ."

ಆವತ್ತು ಆ ಹೆಬ್ಬೆರಳು ಕೀಪ್ಯಾಡಿನ ಮೇಲೆ ಮೊದಲ ಸಲ ಇಳಿಯಿತು. ನಾವೆಲ್ಲ ತೋರುಬೆರಳಿನಿಂದ ಟಕಟಕ ಒತ್ತುತ್ತೇವೆ. ಅವರು ಸೂಜಿಮದ್ದು ಕೊಟ್ಟ ಹಾಗೆ ಹೆಬ್ಬೆರಳಿನಿಂದ ಒಂದೊಂದೇ ಅಂಕಿಯನ್ನು ಪೂರ್ತಿ ಒತ್ತಿ, ಸದ್ದು ಬಂದ ಮೇಲೆಯೇ ಬೆರಳೆತ್ತುತ್ತಿದ್ದರು. ಯಂತ್ರದ ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಔಷಧದ ಪೆಟ್ಟಿಗೆ ಓದಿ ಓದಿ ಕಲಿತ ಇಂಗ್ಲಿಷು ಅವರದು. ಅದರಲ್ಲೇ ಮೊದಲ ಪುಟದಿಂದ ಕೊನೆಯವರೆಗೂ ಓದಿದರು. ಯಾವ ಕೋಡು ಒತ್ತಿದರೆ ಯಂತ್ರ ಸೆಟ್ಟಿಂಗು ಬದಲಿಸಲು ಒಪ್ಪುತ್ತದೆ, ಎಷ್ಟು ಹೊತ್ತು ಸುಮ್ಮನಿದ್ದರೆ ಸಿಟ್ಟು ಮಾಡಿಕೊಂಡು ಮೊದಲಿನಿಂದ ಶುರುಮಾಡು ಎನ್ನುತ್ತದೆ, ಯಾವ ಬಾಗಿಲಿಗೆ ಯಾವ ಅಂಕಿ, ಎಲ್ಲ ಬಾಯಿಪಾಠ. ಮುಂಬಾಗಿಲು ಝೋನ್ ಒಂದು, ಹಿತ್ತಿಲು ಝೋನ್ ಎರಡು. ಸೈರನ್ನಿನ ಬದಲು ಬಾಗಿಲು ತೆರೆದಾಗ ಪೀಂ ಪೀಂ ಎಂದು ಸಣ್ಣಗೆ ಕೂಗುವ ಒಂದು ಸದ್ದು ಯಂತ್ರದಲ್ಲೇ ಇತ್ತು. ಅದನ್ನು ಇಟ್ಟುಕೊಂಡರು. ಇಷ್ಟಾದರೆ ಸಾಕು, ತಾವು ಎಚ್ಚರವಾಗಿ ಹಿಂದೆ ಹೋಗಿ ಕರೆತರಬಹುದು ಎಂದು ಅವರ ಲೆಕ್ಕ.

ಲೆಕ್ಕ ಪೂರಾ ತಲೆಕೆಳಗಾಯಿತು. ಮೊದಲೆಲ್ಲ ಕಾಕಾ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಆ ಕಡೆ ಈ ಕಡೆ ನೋಡುತ್ತಿದ್ದರು. ಈಗ ಬಾಗಿಲು ತೆರೆದು ಪೀಂ ಪೀಂ ಎಂದದ್ದೇ ತಡ, ಮೆಟ್ಟಿಲು ಹಾರಿ ಬಿರಬಿರನೆ ಹೊರಟುಬಿಡುವರು. ನರ್ಸಬಾಯಿ ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಓಣಿ ದಾಟಿರುತ್ತಿದ್ದರು. ಒಂದು ನಸುಕಿಗೆ ನನ್ನ ಗಂಡ ಓಡಿ ಹೋಗಿ ಹೆದ್ದಾರಿಯ ಅಂಚಿನಲ್ಲಿ ಹಿಡಿದು ತಂದ. ಇದು ಆಗದ ಮಾತು, ಬಿಚ್ಚಿಕೊಂಡು ಹೋಗುತ್ತೇನೆ ಎಂದು ಚಾಚಾ ಕೈ ಮುಗಿದರು. ಬೀಗವೇ ವಾಸಿ ಎಂದು ಓಣಿ ಮತ್ತೆ ಶುರುಮಾಡಿತು. ಸದ್ದಿಗೆ ಬೆದರಿ ಓಡುತ್ತಾರೆ ಎಂದರು ಕೆಲವರು, ಹುಚ್ಚು ಜಾಸ್ತಿಯಾಗಿದೆ ಎಂದರು ಉಳಿದವರು. ನಾನು ಬೆದರುತ್ತಾರೆ ಎಂದವರ ಪಕ್ಷ.

"ಬೆದರಿದ್ದು ನೀ ಕಂಡೀಯೇನು?" ಎಂದು ನರ್ಸಬಾಯಿ ನನ್ನನ್ನೇ ಕೇಳಿದರು.

"ಓಡ್ತಾರಲ್ರಿ ಮತ್ತ."

"ಓಡೂದನ್ನ ಕಂಡಿ. ಬೆದರೂದನ್ನ ಅನ್ಕೊಂಡಿ."

ಮರುದಿನದಿಂದ ನಸುಕಿನಲ್ಲಿ ಅವರು ಹೊರಗಿನ ಕಟ್ಟೆಯ ಮೇಲೆ, ಬಾಗಿಲಿಗೆ ಎದುರಾಗಿ ಕೂತರು. ಓಣಿಯ ಬಾಯಲ್ಲಿ ನನ್ನ ಗಂಡನನ್ನು ನಿಲ್ಲಿಸಿದರು, ಕಾಕಾ ದಾಟದ ಹಾಗೆ. ತಾವು ಏನೂ ಮಾಡಲಿಲ್ಲ. ಬರೀ ನೋಡಿದರು. ಜ್ವರದ ಕೂಸಿನ ಪಕ್ಕ ಕೂತು ಉಸಿರು ಎಣಿಸುವವರ ಹಾಗೆ ಗಂಡನ ಮುಖವನ್ನೇ ನೋಡಿದರು. ಬಾಗಿಲು ತೆರೆಯುವಾಗ ಕಣ್ಣು ಎಲ್ಲಿರುತ್ತದೆ, ಸದ್ದು ಬಂದಾಗ ಹುಬ್ಬು ಏನು ಮಾಡುತ್ತದೆ, ಕೈ ಎಲ್ಲಿ ಹೋಗುತ್ತದೆ. ಹೀಗೆ ಕೆಲವು ದಿನ ನಡೆಯಿತು. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಗೇ ಬಂದು ನಿಂತರು. ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

"ಇವರು ಓಡಿ ಹೋಗಾಕತ್ತಿಲ್ಲವಾ, ತಂಗಿ. ಡ್ಯೂಟಿ ಮಾಡಾಕತ್ತಾರ. ಪೀಂ ಪೀಂ ಅಂದಕೂಡ್ಲೆ ಮ್ಯಾಲ ಕೈ ಹಿಡೀತಾರ, ಬಸ್ಸಿನ್ಯಾಗ ಕಂಬಿ ಹಿಡದಂಗ. 'ರೈಟ್' ಅಂತಾರ. ನಾ ಖರೆನ ಕೇಳೀನಿ. ಎರಡು ಸೀಟಿ ಅಂದ್ರೇನು?"

ರೊಟ್ಟಿ ಹೆಂಚಿನ ಮೇಲೆ ಹೊತ್ತುತ್ತಿತ್ತು. ಎರಡು ಸೀಟಿ ಎಂದರೆ ಹೊರಡು ಎಂದು. ಈ ಓಣಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ಬಸ್ಸಿನಾಟ ಆಡಿ ಬೆಳೆದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ದಿನಾ ನಸಿಕಿನ್ಯಾಗ ನಾವ ಅವರಿಗೆ ರೈಟ್ ಕೊಡಾಕತ್ತೀವಿ" ಎಂದರು ನರ್ಸಬಾಯಿ. "ಅವರು ಪಾಪ, ಹೊಂಟಾರ."

ಚಾಚಾ ಬಂದರು. ಆ ಸದ್ದನ್ನು ಒಂದೇ ಸಲ ಬರುವ ಹಾಗೆ ಮಾಡಬಹುದೇ ಎಂದರೆ, ಮಾಡಬಹುದು, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಎಂದರು. ಅವರು ಕೈ ಹಾಕುವ ಮೊದಲೇ ನರ್ಸಬಾಯಿ ಕೀಪ್ಯಾಡಿನ ಮುಂದೆ ನಿಂತಿದ್ದರು. ಪುಸ್ತಕದಲ್ಲಿ ಆ ಪುಟ ಅವರಿಗೆ ಆಗಲೇ ಗೊತ್ತಿತ್ತು. ಕೋಡು ಒತ್ತಿದರು. ಉದ್ದ ಸದ್ದು ಬಂತು. ಝೋನ್ ಒಂದು. ಬಾಗಿಲ ಸದ್ದು. ಎರಡನ್ನು ಅಳಿಸಿ ಒಂದು. ಹೆಬ್ಬೆರಳು ಕೊನೆಯ ಗುಂಡಿಯ ಮೇಲೆ ಇಳಿಯುವಾಗ ಅವರು ಗೋಡೆಯ ಆ ಡಬ್ಬಿಗೆ "ಆತು, ಆತು, ಮುಗೀತು" ಎಂದದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

ಮರುದಿನ ನಸುಕಿನಲ್ಲಿ ನಾನೂ ಕಟ್ಟೆಯ ಮೇಲಿದ್ದೆ. ಒಳಗೆ ಚಿಲಕ ಸರಿದ ಸದ್ದು. ಬಾಗಿಲು ತೆರೆಯಿತು. ಪೀಂ, ಒಂದೇ. ಖಾಕಿ ಅಂಗಿಯ ಕಾಕಾ ಹೊಸ್ತಿಲಲ್ಲಿ ನಿಂತುಬಿಟ್ಟರು. ಬಲಗೈ ಮೇಲೆ ಇಲ್ಲದ ಕಂಬಿ ಹಿಡಿಯಿತು. ಕತ್ತು ಹಿಂದೆ ಮನೆಯೊಳಕ್ಕೆ ತಿರುಗಿತು. ಬರೀ ಹಾಸಿಗೆ, ಕಾಟು, ಗೋಡೆ ಇದ್ದ ಆ ಕೋಣೆಯ ಕಡೆ ನೋಡಿ, ತುಂಬಿದ ಬಸ್ಸಿಗೆ ಕೂಗಿದ ಹಾಗೆ ಕೂಗಿದರು: "ಯಾರ್ರಿ ಇಳಿಯೋರು?"

ಅವರ ಹಿಂದೆಯೇ ಎದ್ದು ಬಂದಿದ್ದ ನರ್ಸಬಾಯಿ ಒಂದು ಗಳಿಗೆಯೂ ತಡಮಾಡಲಿಲ್ಲ.

"ನಾ ಇಳೀತೇನ್ರಿ. ಕೈ ಹಿಡೀರಿ."

"ಎಲ್ಲಿಗ್ರಿ?"

"ಹುನಗುಂದಕ್ಕ. ಅಲ್ಲೆ ಮಗಳ ಮನಿ ಐತಿ."

ಕಾಕಾ ತಾವು ಮೊದಲು ಕೆಳಗಿಳಿದು ಕೈ ಚಾಚಿದರು. "ಹಗೂರಕ ಇಳೀರಿ, ಮೆಟ್ಟಲಾ ಎತ್ತರ ಅದಾವ." ಒಂದೇ ಒಂದು ಮೆಟ್ಟಿಲು ಅದು. ಜೀವಮಾನದಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆದ ಆ ಹೆಂಗಸು ಸೆರಗು ಹೊದ್ದು, ಗಂಡನ ಕೈ ಹಿಡಿದು, ಹೊಸ ಮದುಮಗಳ ಹಾಗೆ ಒಂದು ಮೆಟ್ಟಿಲು ಇಳಿದರು. ಇಬ್ಬರೂ ಕಟ್ಟೆಯ ಮೇಲೆ ಕೂತರು. ಇಲ್ಲಿ ಚಹಕ್ಕೆ ನಿಲ್ಲುತ್ತದೆ ಎಂದು ನರ್ಸಬಾಯಿ ಹೇಳಿದರು. ನಾನು ಓಡಿ ಹೋಗಿ ಚಹ ಮಾಡಿ ತಂದೆ. ಆವತ್ತು ತಾಸು ಹಿಡಿಯಲಿಲ್ಲ. ದೇವರ ಗುಡಿಯಲ್ಲೂ ನನಗೆ ಅಂಥ ಬೆರಗು ಆದದ್ದಿಲ್ಲ, ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ನರ್ಸಬಾಯಿಯೇ ಅಲ್ಲ. ಕೆಲವು ದಿನ ಕಳೆದ ಮೇಲೆ ಮತ್ತೆ ಕೀಪ್ಯಾಡಿನ ಮುಂದೆ ನಿಂತಿದ್ದರು. ಇನ್ನೇನು ಕೆಲಸ ಎಂದು ಕೇಳಿದೆ.

"ಬರೇ ನಿಂದ್ರಸೂದ ಆತು. ಕಂಡಕ್ಟರಗ ಬರೇ ಒಂದು ಸೀಟಿ ಹೊಡದು ಕುಂದ್ರಿಸಿದ್ರ ಜೀವ ಒಣಗತೈತಿ. ಅವರಿಗೆ ರೈಟೂ ಬೇಕು."

ಹಿತ್ತಿಲ ಬಾಗಿಲಿಗೆ ಎರಡು ಪೀಂ ಹಾಗೆಯೇ ಉಳಿಸಿಕೊಂಡು, ಅದು ಸ್ವಲ್ಪ ಗಟ್ಟಿಯಾಗಿ ಕೇಳುವ ಹಾಗೆ ಮಾಡಿದ್ದರು. ಅವರ ಹಿತ್ತಿಲಿಗೆ ಸುತ್ತ ಕಲ್ಲಿನ ಗೋಡೆ, ನಡುವೆ ಬೇವಿನ ಮರ. ಗೋಡೆಯ ಈಚೆ ನಮ್ಮ ಹಿತ್ತಿಲು. ಮುಂಬಾಗಿಲಲ್ಲಿ ಚಹ ಕುಡಿದ ಮೇಲೆ ಕಾಕಾನನ್ನು ಒಳಗೆ ಕರೆದೊಯ್ದು ಹಿಂಬಾಗಿಲ ಮುಂದೆ ನಿಲ್ಲಿಸಿ, ತಾವು ದೂರ ಸರಿಯುವರು. ಕಾಕಾ ಬಾಗಿಲು ತೆರೆಯುವರು. ಪೀಂ ಪೀಂ. "ರೈಟ್!" ಎಂದು ಹೊರಟು ಬೇವಿನ ಮರವನ್ನು ಸುತ್ತು ಹಾಕುವರು. ಎಷ್ಟು ಬೇಕಾದರೂ ಹೋಗಬಹುದು, ಅಲ್ಲಿ ಯಾವ ಲಾರಿಯೂ ಬರುವುದಿಲ್ಲ. ನಾನು ಗಿಡ್ಡ ಗೋಡೆಯ ಈಚೆ ಬಟ್ಟೆ ಒಣಹಾಕುತ್ತಿದ್ದರೆ ನನ್ನ ಮುಂದೆ ನಿಂತು, "ಎಲ್ಲಿಗ್ರಿ?" ಎನ್ನುವರು. "ಬಾದಾಮಿ ಒಂದು ಕೊಡ್ರಿ ಕಾಕಾ" ಎಂದರೆ ಬೇವಿನ ಎಲೆ ಹರಿದು ಕೈಗಿಡುವರು. ಮಗಳ ಊರಿನಿಂದ ನೆಂಟರು ಬಂದರೆ ಅವರಿಗೂ ಎಲೆ. ಒಮ್ಮೆ ನನ್ನ ಗಂಡ ಎಲೆ ತೆಗೆದುಕೊಳ್ಳುವುದನ್ನು ಮರೆತು ಒಳಗೆ ಹೋದದ್ದಕ್ಕೆ, ಟಿಕೆಟ್ ಇಲ್ಲದೆ ಓಡಾಡುವ ಚಾಳಿ ಒಳ್ಳೆಯದಲ್ಲ ಎಂದು ಅರ್ಧ ದಿನ ನರ್ಸಬಾಯಿಯಿಂದ ಬೈಸಿಕೊಂಡ.

"ಅವರನ್ನ ನಿಂದ್ರಸಿಲ್ಲ ನಾನು" ಎಂದು ನರ್ಸಬಾಯಿ ಚಾಚಾನ ಮುಂದೆ ಹೇಳಿಕೊಂಡರು, ಒಂದಿಷ್ಟೂ ಸಂಕೋಚವಿಲ್ಲದೆ. "ಬರೇ ರೂಟ್ ಬದಲಿ ಮಾಡೀನಿ." ಚಾಚಾ ಆ ಮಾತನ್ನು ತಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

ಯಂತ್ರ ಒಮ್ಮೆ ಕೈಕೊಟ್ಟದ್ದೂ ಉಂಟು. ಮೇಲಿಂದ ಮೇಲೆ ಕರೆಂಟು ಹೋಗಿ ಒಳಗಿನ ಬ್ಯಾಟರಿ ಸೋತಿತ್ತು. ಸೋತದ್ದನ್ನು ಹೇಳಲು ಅದು ಆಗೊಮ್ಮೆ ಈಗೊಮ್ಮೆ ಪೀಂ ಎನ್ನುವುದು, ಒಂದೇ ಸಲ. ಕಾಕಾ ಅಡುಗೆಮನೆಯ ನಡುವೆ ನಿಂತುಬಿಟ್ಟರು, ಕೈಯಲ್ಲಿ ನೀರಿನ ತಂಬಿಗೆ. ಎರಡು ಹೆಜ್ಜೆ ಹಾಕುವರು, ಪೀಂ, ಮತ್ತೆ ನಿಲ್ಲುವರು. "ಎಷ್ಟ ಸ್ಟಾಪ್ ಅದಾವ್ರಿ ಈ ರೂಟಿಗೆ!" ಎಂದು ಅವರಿಗೇ ಬೇಸರ ಬಂತು. ನರ್ಸಬಾಯಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತರು. ಆ ನಗುವಿನ ನಡುವೆಯೇ ಎದೆಯನ್ನು ಒಂದು ಸಲ ಒತ್ತಿಕೊಂಡದ್ದನ್ನು ನಾನು ಕಂಡೆ. ಕಂಡದ್ದನ್ನು ಕೇಳಿದೆ.

"ಎದಿ ಬ್ಯಾನಿ ಐತಿ. ಗುಳಿಗಿ ತಗೋತೇನಿ. ನೀ ಬಾಯಿ ಬಿಡಬ್ಯಾಡ" ಎಂದರು. ಆಮೇಲೆ "ಬಾ ಇಲ್ಲೆ" ಎಂದು ನನ್ನನ್ನು ಕೀಪ್ಯಾಡಿನ ಮುಂದೆ ನಿಲ್ಲಿಸಿದರು. ಕೋಡು ಹೇಳಿಕೊಟ್ಟರು. ನಾನು ತೋರುಬೆರಳಿನಿಂದ ಒತ್ತಿದೆ, ಕೈ ಜಾರಿ ಎರಡು ಅಂಕಿ ಒಟ್ಟಿಗೆ ಬಿದ್ದವು, ಯಂತ್ರ ಬೈಯಿತು.

"ಹೆಬ್ಬಳ್ಳಿಲೆ ಒತ್ತು. ನಡುಗಬ್ಯಾಡ. ಕೈ ನಡುಗಿದ್ರ ಸೂಜಿ ಚುಚ್ಚಿಸ್ಕೊಳ್ಳಾವ್ರಿಗೆ ತಿಳೀತೈತಿ."

"ಇದು ಯಂತ್ರರೀ ಬಾಯಾರ."

"ಇದರ ಹಿಂದ ಅವರದಾರ" ಎಂದರು. ನಾನು ಸರಿಯಾಗಿ ಒತ್ತುವವರೆಗೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ, ನನ್ನ ಕೈ ಹಿಡಿದುಕೊಂಡೇ ಹೇಳಿದರು: "ನಾ ಮೊದಲ ಹೋದ್ರ ಅವರನ್ನ ಬೀಗದಾಗ ಇಡಾಕ ಕೊಡಬ್ಯಾಡ. ಅಷ್ಟ ಒಂದು ನೋಡ್ಕೋ." ಹೂಂ ಎಂದೆ.

ಅವರು ಹೋದದ್ದು ಒಂದು ನಡುಹಗಲು, ಬೇಳೆ ಆರಿಸುತ್ತ ಕೂತಲ್ಲೇ. ಮೊರದ ಮೇಲೆ ಆ ಹೆಬ್ಬೆರಳು ಹಾಗೆಯೇ ಇತ್ತು. ಓಣಿಯೆಲ್ಲ ಬಂತು. ಅವರ ಕೈಯಲ್ಲಿ ಹುಟ್ಟಿದವರು, ಅವರಿಂದ ಚುಚ್ಚಿಸಿಕೊಂಡವರು, ಬೈಸಿಕೊಂಡವರು, ಎಲ್ಲ. ಚಾಚಾ ಅಂಗಡಿ ಮುಚ್ಚಿ ಬಂದು ಗೋಡೆಗೆ ಒರಗಿ ನಿಂತಿದ್ದರು. ಮಗಳು ಹುನಗುಂದದಿಂದ ಬಂದಳು. ಕಾಕಾ ಮೂಲೆಯಲ್ಲಿ ಕೂತು, ಇಷ್ಟು ಮಂದಿ ಯಾಕೆ ಸೇರಿದ್ದಾರೆ ಎಂದು ಎಲ್ಲರನ್ನೂ ನೋಡುತ್ತಿದ್ದರು.

ಶವಯಾತ್ರೆಗೆಂದು ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕೂರಿಸಿ ಅವರನ್ನು ಹೊರಗೆ ತರಬೇಕು. ಮಂದಿಯ ನೂಕಾಟಕ್ಕೆ ಬಾಗಿಲು ಮುಚ್ಚಿಕೊಂಡಿತ್ತು, ಯಾರೋ ತೆರೆದರು. ಪೀಂ, ಒಂದೇ ಒಂದು. ಅದನ್ನು ಬಂದ್ ಮಾಡಬೇಕೆಂದು ಯಾರಿಗೂ ನೆನಪಿರಲಿಲ್ಲ. ಹೊತ್ತವರು ತಮಗೆ ಗೊತ್ತಿಲ್ಲದೆಯೇ ನಿಂತರು. ಕಾಕಾ ಎದ್ದು ಬಂದರು. ಮಂದಿಯನ್ನು ಸರಿಸಿ, ತಾವು ಮೊದಲು ಕೆಳಗಿಳಿದು, ಕೈ ಚಾಚಿ ನಿಂತು, "ಹಗೂರಕ ಇಳಸ್ರಿ, ಮೆಟ್ಟಲಾ ಎತ್ತರ ಅದಾವ" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಚಾಚಾ ಅತ್ತುಬಿಟ್ಟರು.

ಕಾಕಾನನ್ನು ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಹುನಗುಂದದಲ್ಲಿ ಅವಳ ಮನೆ ದೊಡ್ಡ ರಸ್ತೆಗೇ ಬಾಯಿ ತೆರೆದಿದೆ. ಕೆಲವು ದಿನಕ್ಕೆ ಅವಳ ಫೋನು ಬಂತು. ನಸುಕಿನಲ್ಲಿ ಅಪ್ಪನನ್ನು ಹಿಡಿಯಲು ಆಗುತ್ತಿಲ್ಲ, ಗಂಡ ಬೀಗ ತಂದಿದ್ದಾನೆ, ಏನು ಮಾಡಲಿ ಎಂದು ಅತ್ತಳು. ಇವತ್ತೊಂದು ದಿನ ಹಾಕಬೇಡಿ ಎಂದೆ. ಚಾಚಾ ಇಳಕಲ್ಲಿನ ಮನೆಯಿಂದ ಆ ಡಬ್ಬಿ, ಅಯಸ್ಕಾಂತ, ಕೀಪ್ಯಾಡು ಎಲ್ಲ ಬಿಚ್ಚಿಕೊಂಡರು. ಇಬ್ಬರೂ ಬಸ್ಸು ಹತ್ತಿದೆವು.

ಸಂಜೆಯ ಹೊತ್ತಿಗೆ ಎಲ್ಲ ಕೂರಿಸಿಯಾಯಿತು. ಚಾಚಾ ಪರೀಕ್ಷೆಗೆಂದು ಬಾಗಿಲು ತೆರೆದರು. ಪೀಂ ಪೀಂ. ಬಿಚ್ಚಿ ಕಟ್ಟುವಾಗ ಯಂತ್ರ ಎಲ್ಲ ಮರೆತು ಕಾರ್ಖಾನೆಯಿಂದ ಬಂದ ಹಾಗೆ ಆಗಿತ್ತು. ಅದಕ್ಕೂ ಮರೆವು. ಒಳಗಿನ ಕೋಣೆಯಿಂದ ಕಾಕಾನ ದನಿ ಕೇಳಿತು, "ರೈಟ್!" ಮಗಳು ಓಡಿ ಹೋಗಿ ಅಪ್ಪನನ್ನು ಹಿಡಿದುಕೊಂಡಳು. ಅವಳ ಗಂಡ ಬೀಗದ ಕಡೆ ನೋಡಿದ. ಕೆಟ್ಟವನಲ್ಲ, ಅಂಜಿದವನು.

ಚಾಚಾ ಮುಂದೆ ಬಂದವರು ನನ್ನನ್ನು ನೋಡಿ ಹಿಂದೆ ಸರಿದರು. ನಾನು ಕೀಪ್ಯಾಡಿನ ಮುಂದೆ ನಿಂತೆ. ಹೆಬ್ಬೆರಳು ಇಟ್ಟೆ. ಕೋಡು. ಉದ್ದ ಸದ್ದು. ಝೋನ್ ಒಂದು. ಎರಡನ್ನು ಅಳಿಸಿ ಒಂದು. ಝೋನ್ ಎರಡು ಇದ್ದ ಹಾಗೆಯೇ ಇರಲಿ, ಇವರ ಹಿತ್ತಿಲಿಗೂ ಗೋಡೆಯಿದೆ, ಬೇವು ಇಲ್ಲದಿದ್ದರೆ ನುಗ್ಗೆಯಿದೆ. ನನ್ನ ಕೈ ನಡುಗಲಿಲ್ಲ. ಕೊನೆಯ ಗುಂಡಿ ಒತ್ತುವಾಗ ನನ್ನ ಬಾಯಿಯಿಂದ ತಾನಾಗಿಯೇ "ಆತು, ಆತು, ಮುಗೀತು" ಎಂದು ಬಂತು.

ಆವತ್ತು ನಾವು ಅಲ್ಲೇ ಉಳಿದೆವು. ನಸುಕಿನಲ್ಲಿ ಕಾಕಾ ಎದ್ದರು, ಅಂಗಿ ತೊಟ್ಟರು, ಬಾಗಿಲು ತೆರೆದರು. ಪೀಂ. ಅವರು ಹೊಸ್ತಿಲಲ್ಲಿ ನಿಂತರು. ಹೊರಗೆ ರಸ್ತೆಯಲ್ಲಿ ಮೊದಲ ಬಸ್ಸೊಂದು ದೀಪ ಹಾಕಿಕೊಂಡು ಹೋಯಿತು. ಕಾಕಾ ಅದನ್ನು ನೋಡಿದರು, ಆ ಕಡೆಯ ಅಂಗಡಿಗಳನ್ನು ನೋಡಿದರು, ಕಂಬಿ ಹಿಡಿದ ಕೈ ಹಾಗೆಯೇ ಇಟ್ಟುಕೊಂಡು ಕತ್ತು ಹಿಂದೆ ತಿರುಗಿಸಿದರು.

"ಹುನಗುಂದ! ಯಾರ್ರಿ ಇಳಿಯೋರು?"

ಮಗಳು ನನ್ನ ಕಡೆ ನೋಡಿದಳು. ನಾನು ಸೆರಗು ಹೊದ್ದುಕೊಂಡು ಮುಂದೆ ಹೋದೆ.

"ನಾ ಇಳೀತೇನ್ರಿ ಕಾಕಾ. ಕೈ ಹಿಡೀರಿ."

ಅವರು ಮೊದಲು ಕೆಳಗಿಳಿದು ನನಗೆ ಕೈ ಕೊಟ್ಟರು. ಆವತ್ತು ಅದು ಖರೆಯೇ ಹುನಗುಂದವಾಗಿತ್ತು.